ಕಪಾಟು ಜೋಡಿಸಿಕೊಡುವ ಸರ್ವಿಸ್: ಧಾರವಾಡದ ಒಂದು ಮಳೆಗಾಲ ಕಳೆದ ಮೇಲೆ ಬರೆದ ರಿವ್ಯೂ

ಮೇ ತಿಂಗಳ ಕೊನೆಯ ವಾರ ದುಡ್ಡು ಕೊಟ್ಟು ಮನೆಯ ಕಪಾಟು ಹಸನು ಮಾಡಿಸಿದೆ. ರಿವ್ಯೂ ಬರೆಯುತ್ತಿರುವುದು ಈಗ, ಗಣಪತಿ ಕಳಿಸಿ ಆದ ಮೇಲೆ. ಬೇಕಂತಲೇ ತಡ ಮಾಡಿದೆ. ಕೆಲಸ ಮುಗಿದ ಸಂಜೆಯೇ ಫೋಟೋ ತೆಗೆದು ಐದು ಸ್ಟಾರ್ ಒತ್ತುವುದು ಸುಲಭ, ಅವತ್ತು ಯಾರ ಕಪಾಟಾದರೂ ಅಂಗಡಿಯ ಶೋಕೇಸಿನ ಹಾಗೆ ಕಾಣುತ್ತದೆ. ಧಾರವಾಡದಲ್ಲಿ ಕಪಾಟಿನ ಪರೀಕ್ಷೆ ಮೇ ತಿಂಗಳಲ್ಲಿ ನಡೆಯುವುದಿಲ್ಲ. ಜುಲೈನಲ್ಲಿ ನಡೆಯುತ್ತದೆ. ಎಂಟು ದಿನ ಬಿಸಿಲಿನ ಮುಖ ಕಾಣದೆ, ಜಿಟಿಜಿಟಿ ಹಿಡಿದ ಮಳೆ ಬಿಡದೆ, ಒಣಹಾಕಿದ ಟವೆಲ್ ಮೂರನೇ ದಿನವೂ ಹಸಿಹಸಿ ಅನ್ನಿಸುವಾಗ ಕಪಾಟಿನ ಬಾಗಿಲು ತೆಗೆದು ಮೂಸಿ ನೋಡಬೇಕು. ಕೊಟ್ಟ ದುಡ್ಡು ಎಲ್ಲಿ ಹೋಯಿತು ಅಂತ ಆಗ ಗೊತ್ತಾಗುತ್ತದೆ.

ಹುಬ್ಬಳ್ಳಿಯ ಇಬ್ಬರು ಹುಡುಗಿಯರು ನಡೆಸುವ ಸಣ್ಣ ಸರ್ವಿಸ್ ಇದು. ಹೆಸರು ಬರೆಯುವುದಿಲ್ಲ. ಶುರು ಮಾಡಿ ವರ್ಷವೂ ಆಗಿಲ್ಲ, ನನ್ನ ಒಬ್ಬಳ ಕಪಾಟಿನ ಕಥೆಯಿಂದ ಅವರ ಹೊಟ್ಟೆ ಮೇಲೆ ಹೊಡೆಯುವುದು ಬೇಡ. ಮನೆಗೇ ಬರುತ್ತಾರೆ. ಒಂದು ಕಪಾಟು, ಒಂದು ದಿನ, 3,500 ರೂಪಾಯಿ. ಡಬ್ಬ, ಹ್ಯಾಂಗರ್, ಸೀರೆ ಕವರ್ ಎಲ್ಲ ಸೇರಿದ ಕಿಟ್ ಬೇಕಾದರೆ ಮತ್ತೆ 2,200. ನಾನು ಕಿಟ್ ಕೂಡ ತಗೊಂಡೆ, ಒಟ್ಟು 5,700. ಮನೆಯವರಿಗೆ 3,500 ಮಾತ್ರ ಹೇಳಿದ್ದೆ. ಉಳಿದದ್ದು ಇದನ್ನು ಓದಿ ಗೊತ್ತಾದರೆ ಆಗಲಿ ಬಿಡಿ.

ನಮ್ಮ ಮನೆ ಸಪ್ತಾಪುರದಲ್ಲಿ, ಮೊದಲ ಮಹಡಿ. ಮಲಗುವ ಕೋಣೆಯ ಪಶ್ಚಿಮದ ಗೋಡೆ ತುಂಬ ಪ್ಲೈವುಡ್ ಕಪಾಟು. ಗೋಡೆಗೆ ಅಂಟಿಸಿಯೇ ಮಾಡಿಸಿದ್ದು, ಹಿಂದೆ ಬೆರಳು ತೂರುವಷ್ಟೂ ಸಂದಿಯಿಲ್ಲ. ಜಾಗ ಎಷ್ಟು ಉಳೀತು ನೋಡ್ರಿ ಅಂತ ಬಡಗಿ ಹೇಳಿದ್ದರು, ನಾವೂ ಹೌದೌದು ಅಂದಿದ್ದೆವು. ಪಕ್ಕದ ಕೋಣೆಯಲ್ಲಿ ಅತ್ತೆಯ ತಿಜೋರಿ ಇದೆ. ನಮ್ಮ ಕಡೆ ಉಕ್ಕಿನ ಕಪಾಟಿಗೆ ತಿಜೋರಿ ಅಂತಲೇ ಅನ್ನುವುದು, ಒಳಗೆ ದುಡ್ಡು ಇರಲಿ ಬಿಡಲಿ. ನಾಲ್ಕು ಕಾಲಿನ ಮೇಲೆ, ಒಳಗೋಡೆಯಿಂದ ಒಂದು ಗೇಣು ದೂರ ನಿಂತಿದೆ. ಈ ಎರಡೂ ಎಲ್ಲಿ ನಿಂತಿವೆ ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬೆಳಿಗ್ಗೆ ಹತ್ತಕ್ಕೆ ಅಂದವರು ಹತ್ತಕ್ಕೆ ಐದು ನಿಮಿಷ ಇರುವಾಗಲೇ ಬಂದರು, ಹುಬ್ಬಳ್ಳಿಯ ಹೊಸೂರಿನಿಂದ, ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ ಹಿಡಿದು. ಇದಕ್ಕೇ ಅರ್ಧ ಸ್ಟಾರ್ ಕೊಡಬಹುದು. ಬಂದವರೇ ಕಪಾಟಿನ ಅರಿವೆ ಎಲ್ಲ ಮಂಚದ ಮೇಲೆ ಸುರಿದರು. ಎಲ್ಲ ಅಂದರೆ ಎಲ್ಲ. ಗುಡ್ಡ ಆಯಿತು. ಆಮೇಲೆ ಎಣಿಸಿದರು. ಈ ಎಣಿಸುವ ಕೆಲಸ ನನಗೆ ಮೊದಲು ಸುಮ್ನೆ ನಾಟಕ ಅನ್ನಿಸಿತ್ತು, ಅಲ್ಲ. ಸೀರೆ 58. ಜಂಪರ್, ಅಂದರೆ ರವಿಕೆ, 71. ಅಂದರೆ ಸೀರೆಗಿಂತ ಜಂಪರ್ ಜಾಸ್ತಿ, ಅದರಲ್ಲಿ 14ಕ್ಕೆ ಜೋಡಿ ಸೀರೆಯೇ ಇಲ್ಲ, ಸೀರೆ ಯಾರಿಗೋ ಕೊಟ್ಟಾಗಿದೆ, ಜಂಪರ್ ಮಾತ್ರ ವಿಧವೆಯ ಹಾಗೆ ಮೂಲೆಯಲ್ಲಿ ಕೂತಿದೆ. ನಮ್ಮವರ ಅಂಗಿ 19, ಹಾಕುವುದು 6. ಬಟ್ಟೆ ಅಂಗಡಿಯ ಕೈಚೀಲ 26. ದಾಜೀಬಾನ ಪೇಟೆಯದ್ದು, ಕೊಪ್ಪೀಕರ್ ರೋಡಿನದ್ದು, ಇಲ್ಲಿ ಸುಭಾಸ ರೋಡಿನದ್ದು, ಒಂದು ಚೀಲದ ಒಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಬಿಲ್ಲು ಸಮೇತ.

ಇನ್ನು ಜಂಪರ್ ಪೀಸು. ಉಡಿ ತುಂಬುವಾಗ ಬಂದ ಪೀಸುಗಳು ನಲವತ್ತರ ಮೇಲೆ ಇದ್ದವು. ಇವನ್ನು ಯಾರೂ ಹೊಲಿಸುವುದಿಲ್ಲ, ಎಲ್ಲರಿಗೂ ಗೊತ್ತು. ಆ ಮನೆಯಿಂದ ಈ ಮನೆಗೆ, ಈ ಮನೆಯಿಂದ ಮದುವೆ ಮನೆಗೆ, ಅಲ್ಲಿಂದ ಇನ್ನೆಲ್ಲಿಗೋ ಪ್ರಯಾಣ ಮಾಡುತ್ತಲೇ ಇರುತ್ತವೆ. ಬೆಂಗಳೂರಿನಿಂದ ಕಲಿತು ಬಂದವರಾಗಿದ್ದರೆ ಇಷ್ಟನ್ನೂ ತೆಗೆದು ದಾನ ಮಾಡಿ ಅನ್ನುತ್ತಿದ್ದರೇನೋ. ಈ ಹುಡುಗಿಯರು ನಗಲೂ ಇಲ್ಲ, ಕೇಳಲೂ ಇಲ್ಲ. ಒಂದು ಉದ್ದ ಡಬ್ಬ ತೆಗೆದು ಪೀಸುಗಳನ್ನು ಫೈಲಿನ ಹಾಗೆ ನಿಲ್ಲಿಸಿ, ಕೊಟ್ಟವರ ಹೆಸರು ನನ್ನಿಂದ ಕೇಳಿ ಕೇಳಿ ಸಣ್ಣ ಚೀಟಿ ಸಿಕ್ಕಿಸಿದರು. ಯಾಕೆ ಅಂದರೆ ಕೊಟ್ಟವರಿಗೇ ಅದೇ ಪೀಸು ವಾಪಸ್ ಹೋಗಬಾರದು ಅಂತ. ನನಗೆ ಈ ಅವಮಾನ ಒಂದು ಸಲ ಆಗಿದೆ, ನರಗುಂದದ ನಮ್ಮ ನಾದಿನಿಯ ಮುಂದೆ. ಈ ಒಂದು ಡಬ್ಬಕ್ಕಾಗಿಯೇ ಅವರನ್ನು ಮತ್ತೆ ಕರೆಯಬಹುದು. ಇಡೀ ಸರ್ವಿಸ್‌ನಲ್ಲಿ ನನಗೆ ಜಾಸ್ತಿ ಇಷ್ಟ ಆದದ್ದು ಇದೇ.

ಎರಡನೆಯದು, ಪ್ರತಿ ಸೀರೆಯ ಮಡಿಕೆಯೊಳಗೇ ಅದರ ಜಂಪರ್, ಪರಕಾರ (ಒಳಲಂಗ) ಎರಡನ್ನೂ ಇಟ್ಟರು. ಹೇಳಿದರೆ ಸಣ್ಣ ವಿಷಯ. ಶ್ರಾವಣದ ಮಂಗಳವಾರ ಬೆಳಿಗ್ಗೆ ಏಳಕ್ಕೆ ಅರಿಶಿನ ಕುಂಕುಮಕ್ಕೆ ಹೊರಡುವಾಗ ಹಸಿರು ಜಂಪರ್ ಹುಡುಕಿದವರಿಗೆ ಮಾತ್ರ ಗೊತ್ತು ಅದರ ಬೆಲೆ. ಕಾಲುಚೀಲ, ಕರವಸ್ತ್ರಕ್ಕೆ ಡ್ರಾಯರಿನಲ್ಲಿ ಖಾನೆ ಮಾಡಿಕೊಟ್ಟದ್ದು ಚೆನ್ನಾಗಿದೆ, ನಾಲ್ಕು ತಿಂಗಳಾದರೂ ಹಾಗೇ ಇದೆ. ಟೀಶರ್ಟು ನಿಲ್ಲಿಸಿ ಮಡಿಚುವುದು ಮಗ ಮೂರು ದಿನ ಮಾಡಿದ, ನಾಲ್ಕನೇ ದಿನಕ್ಕೆ ಮುಗಿಯಿತು. ಅದು ಅವರ ತಪ್ಪಲ್ಲ.

ಬಿಡುವುದೋ ಇಡುವುದೋ ಗೊತ್ತಾಗದ ಅರಿವೆಗೆ ಒಂದು ಡಬ್ಬ ಮಾಡಿದರು. 'ನೋಡೋಣ' ಅಂತ ಹೆಸರು. ಮೇಲೆ ನವೆಂಬರ್ 30 ಅಂತ ತಾರೀಖು ಬರೆದು ಅಂಟಿಸಿದರು. ಅಷ್ಟರೊಳಗೆ ಬೇಕಾಗದೆ ಇದ್ದದ್ದು ಮನೆಯಿಂದ ಹೊರಗೆ ಹೋಗಬೇಕು. ಇದೂ ಒಳ್ಳೆಯದೇ. ಅಲ್ಲೇ ನಿಂತು ತೀರ್ಮಾನ ಮಾಡು ಅಂತ ಜುಲುಮೆ ಮಾಡಿದ್ದರೆ ನಾನು ಎಲ್ಲವನ್ನೂ ಇಟ್ಟುಕೊಂಡುಬಿಡುತ್ತಿದ್ದೆ.

ಅತ್ತೆ ಇಡೀ ದಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಮಧ್ಯಾಹ್ನ ಹುಡುಗಿಯರಿಗೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಬಡಿಸಿದ್ದೂ ಅವರೇ, ಊಟ ಆದ ಕೂಡಲೇ "ನನ್ನ ತಿಜೋರಿ ಮುಟ್ಟಂಗಿಲ್ಲ ನೋಡ್ರವ್ವಾ" ಅಂದವರೂ ಅವರೇ. ಹುಡುಗಿಯರು ಸ್ವೆಟರ್, ಶಾಲು, ಮಫ್ಲರ್ ಎಲ್ಲ ಒಟ್ಟು ಮಾಡಿ ಗಾಳಿ ಎಳೆಯುವ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ, ವ್ಯಾಕ್ಯೂಮ್ ಕ್ಲೀನರ್ ಹಚ್ಚಿ, ಹಪ್ಪಳದ ಹಾಗೆ ಚಪ್ಪಟೆ ಮಾಡಿ ಮೇಲಿನ ಅಟ್ಟಕ್ಕೆ ಸೇರಿಸಿದಾಗ ಅತ್ತೆ ಹೇಳಿದ್ದು ಒಂದೇ ಮಾತು. "ಇನ್ನ ಹತ್ತ ದಿನಕ್ಕ ಮಿರಗ ಹೂಡತೈತಿ. ಈಗ ಸ್ವೆಟರ್ ಕಟ್ಟಿ ಮ್ಯಾಲ ಇಡ್ತಾರೇನು?" ಮಿರಗ ಅಂದರೆ ಮೃಗಶಿರಾ ಮಳೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನೂ ಹಾಕಿಕೊಳ್ಳಲಿಲ್ಲ.

ಇಲ್ಲಿಂದ ದೂರು ಶುರು.

ಅವರ ಲೆಕ್ಕದಲ್ಲಿ ವರ್ಷಕ್ಕೆ ಎರಡೇ ಕಾಲ, ಬೇಸಿಗೆ ಮತ್ತು ಚಳಿಗಾಲ. ಬೇಸಿಗೆ ಅರಿವೆ ಕೈಗೆ ಸಿಗುವ ಹಾಗೆ ಕೆಳಗೆ, ಚಳಿಗಾಲದ್ದು ಮೇಲೆ, ನವೆಂಬರ್‌ನಲ್ಲಿ ಅದಲು ಬದಲು. ವಿಡಿಯೋಗಳಲ್ಲಿ ತೋರಿಸುವುದೂ ಹೀಗೇ. ಆದರೆ ಧಾರವಾಡದವರು ಸ್ವೆಟರ್ ಹಾಕುವುದು ಜುಲೈ, ಆಗಸ್ಟ್‌ನಲ್ಲಿ! ಪಶ್ಚಿಮದಿಂದ ಗಾಳಿ, ಮೇಲೆ ತುಂತುರು, ಬೆಳಿಗ್ಗೆ ಕೆಲಗೇರಿ ಕೆರೆ ಕಡೆ ವಾಕಿಂಗ್ ಹೋಗುವವರು ಮಂಕಿ ಟೋಪಿ ಹಾಕಿರುತ್ತಾರೆ. ಜುಲೈ ಮೊದಲ ವಾರವೇ ಸ್ಟೂಲ್ ಹತ್ತಿ ಆ ಚೀಲ ಇಳಿಸಿ ಒಡೆದೆವು. ಸ್ವೆಟರ್ ಒಳಗಿಂದ ಇಸ್ತ್ರಿ ಮಾಡಿದ ಚಾಪೆಯ ಹಾಗೆ ಬಂತು, ಎರಡು ದಿನ ಹಾಗೇ ಬಿಟ್ಟ ಮೇಲೆ ಸ್ವಲ್ಪ ಉಸಿರು ಬಂತು. ಐದು ಚೀಲದಲ್ಲಿ ಎರಡು ಅಷ್ಟರೊಳಗೆ ತಾವೇ ಗಾಳಿ ಕುಡಿದು ಉಬ್ಬಿದ್ದವು. ರಜಾಯಿ, ಹೆಚ್ಚುವರಿ ದಿಂಬಿಗೆ ಈ ಚೀಲ ಅಡ್ಡಿಯಿಲ್ಲ. ಉಣ್ಣೆಗೆ ಬೇಡ, ರೇಷ್ಮೆಗಂತೂ ಬೇಡವೇ ಬೇಡ.

ಹಬ್ಬದ ಸೀರೆಯದ್ದೂ ಇದೇ ಕಥೆ. ಮದುವೆ ಸೀಜನ್ ಮುಗಿಯಿತಲ್ಲ ಅಂತ ರೇಷ್ಮೆ ಸೀರೆ ಎಲ್ಲ ಹಿಂದಿನ ಸಾಲಿಗೆ ಹೋದವು. ಶ್ರಾವಣ ಬರುವುದೇ ಮಳೆಯಲ್ಲಿ. ಪಂಚಮಿ, ಮಂಗಳಗೌರಿ, ವರಮಹಾಲಕ್ಷ್ಮಿ, ಆಮೇಲೆ ಗಣಪತಿ. ನಮ್ಮ ಕಡೆ ಒಳ್ಳೆಯ ಸೀರೆಗೆ ಜಾಸ್ತಿ ಕೆಲಸ ಇರುವುದೇ ಈ ಎರಡು ತಿಂಗಳು. ಹುಬ್ಬಳ್ಳಿಯಲ್ಲಿ ಹುಟ್ಟಿ ಬೆಳೆದ ಹುಡುಗಿಯರಿಗೆ ಇದು ಗೊತ್ತಿಲ್ಲ ಅಂತಲ್ಲ. ಗೊತ್ತಿರುವುದನ್ನು ಕೆಲಸದ ಹೊತ್ತಿಗೆ ಬದಿಗಿಟ್ಟು ಕಲಿತದ್ದನ್ನು ಮಾಡಿದರು, ಅಷ್ಟೇ.

ದೊಡ್ಡ ದೂರು ಇದಲ್ಲ. ಅವರು ಇಡೀ ದಿನ ಪರಿಹರಿಸಿದ್ದು ಜಾಗದ ಸಮಸ್ಯೆ. ನನ್ನ ಕಪಾಟಿಗೆ ಇದ್ದದ್ದು ಥಂಡಿಯ, ಅಂದರೆ ತೇವದ ಸಮಸ್ಯೆ. ಎಷ್ಟು ಹಿಡಿಸುತ್ತದೆ, ಹೇಗೆ ಕಾಣುತ್ತದೆ, ಎಷ್ಟು ಬೇಗ ಕೈಗೆ ಸಿಗುತ್ತದೆ ಎಲ್ಲ ಕೇಳಿದರು. ಈ ಗೋಡೆಗೆ ಮಳೆ ಹೊಡೆಯುತ್ತದಾ ಅಂತ ಒಬ್ಬರೂ ಕೇಳಲಿಲ್ಲ.

ನೈಋತ್ಯ ಮಳೆ ಬರುವುದೇ ಪಶ್ಚಿಮ, ದಕ್ಷಿಣದ ಕಡೆಯಿಂದ. ಆ ಗೋಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ನೆನೆಯುತ್ತಲೇ ಇರುತ್ತದೆ. ನೆನೆದ ಗೋಡೆ ಒಳಗಡೆ ತಣ್ಣಗಿರುತ್ತದೆ, ತಣ್ಣನೆಯ ಗೋಡೆಗೆ ತಾಗಿದ ಪ್ಲೈವುಡ್ ಹಿಂಬದಿ ತೇವ ಹೀರುತ್ತದೆ, ಕಪಾಟಿನೊಳಗೆ ಗಾಳಿ ಆಡುವುದಿಲ್ಲ, ಅರಿವೆ ಒತ್ತೊತ್ತಾಗಿ ತುಂಬಿದಷ್ಟೂ ಇನ್ನೂ ಆಡುವುದಿಲ್ಲ. ಬೂಷ್ಟಿಗೆ ಇನ್ನೇನು ಬೇಕು? ಹುಬ್ಬಳ್ಳಿಗೂ ನಮಗೂ 20 ಕಿಲೋಮೀಟರ್ ಅಷ್ಟೇ ಅಂತರ, ಆದರೆ ಮಲೆನಾಡಿನ ಸೆರಗು ಧಾರವಾಡಕ್ಕೆ ತಾಗಿದೆ. ಉಣಕಲ್ ಕೆರೆ ಹತ್ತಿರ ಒಣ ರಸ್ತೆ ಬಿಟ್ಟು ಹೊರಟ ಬಸ್ಸಿಗೆ ನವಲೂರು ದಾಟುವಾಗ ವೈಪರ್ ಹಾಕುವುದನ್ನು ನಾವು ಎಷ್ಟು ಸಲ ನೋಡಿಲ್ಲ.

ನನಗೆ ಹಟ ಹತ್ತಿತು. ಆನ್‌ಲೈನ್‌ನಲ್ಲಿ 400 ರೂಪಾಯಿಗೆ ತೇವ ಅಳೆಯುವ ಪುಟ್ಟ ಮೀಟರ್ ತರಿಸಿದೆ. ಗಾಳಿಯ ತೇವ ಶೇಕಡಾ 70ರ ಮೇಲೆ ದಿನಗಟ್ಟಲೆ ನಿಂತರೆ ಬೂಷ್ಟು ಹಿಡಿಯುವುದು ಗ್ಯಾರಂಟಿ ಅಂತ ಇಟ್ಟುಕೊಳ್ಳಿ. ಜುಲೈ ಮೂರನೇ ವಾರ ನನ್ನ ಕಪಾಟಿನೊಳಗೆ 86 ತೋರಿಸಿತು. ಅದೇ ದಿನ, ಅದೇ ಹೊತ್ತು, ಅತ್ತೆಯ ತಿಜೋರಿಯೊಳಗೆ 72. ಅತ್ತೆಗೆ ಹೇಳಲಿಲ್ಲ. ಸ್ವಲ್ಪ ದಿನ ಆದ ಮೇಲೆ ಹೇಳಿದೆ.

ಕಿಟ್‌ನಲ್ಲಿ ತೇವ ಹೀರುವ ಸಾಮಾನೂ ಇತ್ತು, ಇಲ್ಲ ಅನ್ನುವುದಿಲ್ಲ. ಬಿಳಿ ಹರಳು ತುಂಬಿದ ಎರಡು ಡಬ್ಬ, ತೂಗುಹಾಕುವ ಒಂದು ಚೀಲ. ಒಳಗಿರುವುದು ಕ್ಯಾಲ್ಸಿಯಂ ಕ್ಲೋರೈಡ್. ಗಾಳಿಯ ತೇವ ಎಳೆದುಕೊಂಡು ತಾನೇ ಕರಗಿ ನೀರಾಗುತ್ತದೆ, ಆ ನೀರು ಕೆಳಗಿನ ಭಾಗಕ್ಕೆ ಇಳಿಯುತ್ತದೆ. ಕೆಲಸ ಮಾಡುತ್ತದೆ, ಅನುಮಾನವೇ ಬೇಡ. ಡಬ್ಬಗಳು ಮೂರೇ ವಾರಕ್ಕೆ ತುಂಬಿದವು, ಮೇಲಿನ ಗುರುತು ದಾಟಿ. ಮೂರು ತಿಂಗಳು ಬರುತ್ತದೆ ಅಂತ ಹೇಳಿದ್ದರು. ನಮ್ಮಲ್ಲಿ ಬರುವುದಿಲ್ಲ, ಪ್ರತಿ ತಿಂಗಳೂ ಹೊಸದು ತರುತ್ತಾ ಕೂತರೆ ಸೀರೆಯ ದುಡ್ಡು ಹರಳಿಗೇ ಹೋಗುತ್ತದೆ. ಇನ್ನೊಂದು, ತೂಗುಹಾಕಿದ ಚೀಲ ಮೂಲೆಯಲ್ಲಿ ಸಣ್ಣಗೆ ಸೋರಿತು. ಸೋರಿದ್ದು ಬರೀ ನೀರಲ್ಲ, ಉಪ್ಪಿನ ಅಂಟು ದ್ರವ. ಒರೆಸಿದರೂ ಒಣಗುವುದಿಲ್ಲ, ಮತ್ತೆ ಗಾಳಿಯ ತೇವ ಎಳೆದುಕೊಂಡು ಹಸಿ ಆಗುತ್ತದೆ. ನಮ್ಮವರ ಚರ್ಮದ ಬೆಲ್ಟ್ ಹಾಳಾಯಿತು. ಬೆಲ್ಟ್ ಜಾಗದಲ್ಲಿ ಸೀರೆ ಇದ್ದಿದ್ದರೆ ಈ ರಿವ್ಯೂ ಬೇರೆ ಭಾಷೆಯಲ್ಲಿ ಇರುತ್ತಿತ್ತು. ಇಡುವುದಾದರೆ ಡಬ್ಬ ಇಡಿ, ಕೆಳಗಿನ ಖಾನೆಯಲ್ಲಿ, ತಟ್ಟೆಯ ಮೇಲೆ. ತೂಗುವ ಚೀಲ ಬೇಡ.

ಮಖಮಲ್ಲಿನ ತೆಳು ಹ್ಯಾಂಗರ್ ಇಪ್ಪತ್ತು ಕೊಟ್ಟಿದ್ದರು. ಜಾಗ ಉಳಿಸುತ್ತದೆ, ಜಾರುವುದಿಲ್ಲ, ಎಲ್ಲ ಸರಿ. ಥಂಡಿಯಲ್ಲಿ ಅದರ ಕಪ್ಪು ಬಣ್ಣ ಬಿಳಿ ಅಂಗಿಯ ಹೆಗಲಿಗೆ ಹತ್ತಿತು. ಅರ್ಧ ವಾಪಸ್ ಕೊಟ್ಟೆ.

ಈಗ ಸೀರೆ ಕವರ್. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಹುಬ್ಬಳ್ಳಿ ಧಾರವಾಡದ ಪ್ರತಿ ಮನೆಯಲ್ಲೂ ಇದೇ ಕವರ್ ಇದೆ. ಹಿಂದೆ ಬಟ್ಟೆಯಂಥದ್ದು, ಮುಂದೆ ಒಳಗಿನ ಸೀರೆ ಕಾಣಲಿ ಅಂತ ಪ್ಲಾಸ್ಟಿಕ್ ಕಿಟಕಿ, ಸುತ್ತ ಜಿಪ್. ನೋಡಲು ಚಂದ. ಆದರೆ ಜಿಪ್ ಹಾಕಿದ ದಿನ ಒಳಗೆ ಎಷ್ಟು ತೇವ ಇತ್ತೋ ಅದು ಪ್ಲಾಸ್ಟಿಕ್ ಬದಿಯಲ್ಲೇ ಕೂರುತ್ತದೆ. ಅಪ್ಪಟ ಜರಿ ಅಂದರೆ ಬೆಳ್ಳಿಯ ಎಳೆ, ಮೇಲೆ ಬಂಗಾರದ ನೀರು. ಬೆಳ್ಳಿ ಗಾಳಿಗೆ, ತೇವಕ್ಕೆ ಕಪ್ಪಾಗುವುದು ದೇವರ ದೀಪ ತೊಳೆಯುವ ಎಲ್ಲರಿಗೂ ಗೊತ್ತು. ನನ್ನ ಮದುವೆ ಸೀರೆಯ ದಡಿ ಒಂದು ಮಡಿಕೆಯಲ್ಲಿ ಮಂಕಾಗಿದೆ, ಪ್ಲಾಸ್ಟಿಕ್ ತಾಗಿದ ಬದಿಯಲ್ಲೇ.

ಇಳಕಲ್ ಸೀರೆಗಳನ್ನು ಅವರು ಹ್ಯಾಂಗರಿಗೆ ಹಾಕಿದ್ದರು, ಇದೂ ತಪ್ಪು. ಇಳಕಲ್ ಸೀರೆಯ ಮೈ ಬೇರೆ, ಸೆರಗು ಬೇರೆ. ನನ್ನವು ಹತ್ತಿಯ ಮೈ, ಕೆಂಪು ರೇಷ್ಮೆ ಸೆರಗು. ಮೈಯ ಹಾಸಿನ (ಉದ್ದಕ್ಕೆ ಓಡುವ) ಎಳೆಗೂ ಸೆರಗಿನ ಹಾಸಿನ ಎಳೆಗೂ ಕೊಂಡಿ ಹಾಕಿ ಜೋಡಿಸಿ ನೇಯುತ್ತಾರೆ. ಆ ಕೊಂಡಿಯ ಗೆರೆಯ ಮೇಲೆ ಮಡಿಕೆ ಬೀಳಬಾರದು, ಅಲ್ಲಿಂದ ಸೀರೆ ತೂಗಲೂ ಬಾರದು ಅನ್ನುವುದು ಅತ್ತೆಯ ಕಾಯ್ದೆ. ಹ್ಯಾಂಗರ್ ಮೇಲೆ ತಿಂಗಳಾನುಗಟ್ಟಲೆ ತೂಗಿದರೆ ಭಾರ ಎಲ್ಲ ಒಂದೇ ಮಡಿಕೆಗೆ ಬೀಳುತ್ತದೆ. ಅದರ ಜೊತೆಗೇ ನನ್ನ ಚಂದ್ರಕಾಳಿ ಸೀರೆ, ಕಪ್ಪು ಮೈಮೇಲೆ ಕಸೂತಿ, ಗವಂತಿ, ಮುರ್ಗಿ ಅನ್ನುವ ಹೊಲಿಗೆಗಳ ಗೋಪುರ, ತೇರು, ತುಳಸಿ ಕಟ್ಟೆ ಎಲ್ಲ ಇರುವಂಥದ್ದು. ಕ್ಲಿಪ್ ಇರುವ ಹ್ಯಾಂಗರಿಗೆ ಸಿಕ್ಕಿಸಿದ್ದರು. ಕಸೂತಿಯಲ್ಲಿ ಗಂಟು ಹಾಕುವುದಿಲ್ಲ, ಒಂದು ಎಳೆ ಸಿಕ್ಕಿ ಜಗ್ಗಿದರೆ ಒಂದು ತೇರೇ ಬಿಚ್ಚಬಹುದು. ನಾನು ಸಂಜೆಯೇ ನೋಡಿ ತೆಗೆದೆ, ಏನೂ ಆಗಲಿಲ್ಲ. ನೋಡದೇ ಇದ್ದಿದ್ದರೆ?

ಗುಳಿಗೆಯ ಕಥೆ ಹೇಳದೆ ಇದು ಮುಗಿಯುವುದಿಲ್ಲ. ಹುಡುಗಿಯರು ಡಾಂಬರ್ ಗುಳಿಗೆ, ಅದೇ ನುಸಿ ಗುಳಿಗೆ, ಬಳಸುವುದಿಲ್ಲ. ಕರ್ಪೂರದ ಪೊಟ್ಟಣ ಇಡುತ್ತಾರೆ. ಅದಕ್ಕೆ ಭೇಷ್ ಅನ್ನುತ್ತೇನೆ. ಡಾಂಬರ್ ಗುಳಿಗೆ ಪೆಪ್ಪರ್‌ಮಿಂಟಿನ ಹಾಗೆ ಕಾಣುತ್ತದೆ, ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತಾರೆ. ಅದೂ ಅಲ್ಲದೆ ಜಿ6ಪಿಡಿ ಅನ್ನುವ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುವ ಕೂಸುಗಳಿಗೆ ಆ ಗುಳಿಗೆಯ ಜೊತೆ ಇಟ್ಟ ಅರಿವೆ ಹೊದಿಸಿದರೂ ರಕ್ತದ ಕಣ ಒಡೆಯಬಹುದು. ತಂಗಿ ಬಾಣಂತನಕ್ಕೆ ಬರುವವಳಿದ್ದಳು, ಅದಕ್ಕೇ ನನಗೆ ಇದು ಮೊದಲೇ ಗೊತ್ತಿತ್ತು. ಆದರೆ ಅತ್ತೆ ಯಾವಾಗಲೋ ಇಟ್ಟ ನಾಲ್ಕು ಗುಳಿಗೆ ಮೂಲೆಯಲ್ಲಿ ಉಳಿದಿದ್ದವು, ಯಾರೂ ನೋಡಲಿಲ್ಲ. ಪಕ್ಕದಲ್ಲೇ ಕರ್ಪೂರ ಕೂತಿತು. ಈ ಎರಡೂ ಸೇರಿದರೆ ಎರಡೂ ಕರಗುತ್ತವೆ. ಬೆಂಕಿ ಬೇಡ, ಏನೂ ಬೇಡ, ಬೇಸಿಗೆಯ ಶಾಖ ಸಾಕು. ಜೂನ್ ಮೊದಲ ವಾರ, ಮಳೆ ಇನ್ನೂ ಶುರುವಾಗಿರಲಿಲ್ಲ, ಖಾನೆಯಲ್ಲಿ ಎಣ್ಣೆ ಚೆಲ್ಲಿದ ಹಾಗೆ ಕಲೆ. ಹಳೆಯ ಬೆಡ್‌ಶೀಟ್ ಮೇಲೆ ಬಿತ್ತು, ಪುಣ್ಯ. ಖಾನೆ ಒರೆಸಿ ಹಳೆಯ ಗುಳಿಗೆ ಪೂರ್ತಿ ತೆಗೆದು ಆಮೇಲೆ ಹೊಸದು ಇಡಬೇಕು ಅನ್ನುವುದು ಇಂಥ ಸರ್ವಿಸ್‌ನವರಿಗೆ ಬಾಯಿಪಾಠ ಆಗಿರಬೇಕಿತ್ತು.

ಹಾಗಾದರೆ ಅತ್ತೆಯ ತಿಜೋರಿಯೊಳಗೆ ಏನಿದೆ? ವಿಶೇಷ ಏನೂ ಇಲ್ಲ. ಪ್ರತಿ ಸೀರೆ ಮಾಂಜರಪಾಟದ, ಅಂದರೆ ಕೋರಾ ಹತ್ತಿ ಬಟ್ಟೆಯ ತುಂಡಿನಲ್ಲಿ ಸುತ್ತಿದೆ, ಪ್ಲಾಸ್ಟಿಕ್ ಒಂದೂ ಇಲ್ಲ. ಖಾನೆಗೆ ಪೇಪರ್ ಹಾಸಿ ಪ್ರತಿ ದೀಪಾವಳಿಗೆ ಬದಲಿಸುತ್ತಾರೆ. ಬಜೆ ಬೇರು, ಒಣಗಿದ ಬೇವಿನ ಎಲೆ, ನಾಲ್ಕು ಲವಂಗ ಕಟ್ಟಿದ ಗಂಟು, ಅದೂ ಸೀರೆಗೆ ತಾಗದ ಹಾಗೆ ಮೂಲೆಯಲ್ಲಿ. ಗಂಜಿ ಹಾಕಿದ ಹತ್ತಿ ಸೀರೆಯನ್ನು ಮಳೆಗಾಲಕ್ಕೆ ಒಳಗಿಡುವುದಿಲ್ಲ, ಗಂಜಿ ತೊಳೆದೇ ಇಡುವುದು, ಯಾಕೆಂದರೆ ಬೆಳ್ಳಿ ಬಣ್ಣದ ಆ ಓಡಾಡುವ ಹುಳುವಿಗೆ ಬೇಕಾಗಿರುವುದು ಗಂಜಿ. ಮೇ ತಿಂಗಳಲ್ಲಿ ಎಲ್ಲ ಸೀರೆ ಹೊರಗೆ ತೆಗೆದು, ರೇಷ್ಮೆಯನ್ನು ನೆರಳಿನಲ್ಲಿ, ಹತ್ತಿಯನ್ನು ಬಿಸಿಲಿನಲ್ಲಿ ಒಂದು ದಿನ ಆಡಿಸಿ, ಮಡಿಕೆ ಬದಲಿಸಿ ಮತ್ತೆ ಒಳಗೆ. ಮಳೆಗಾಲದಲ್ಲಿ ಬಿಸಿಲು ಬಿದ್ದ ದಿನ ತಿಜೋರಿಯ ಎರಡೂ ಬಾಗಿಲು ತೆಗೆದು ಫ್ಯಾನ್ ಹಚ್ಚಿ ಬಿಡುತ್ತಾರೆ, ಅರ್ಧ ಗಂಟೆ. ಸಂಭ್ರಮವೇ ಇಲ್ಲದ ಕೆಲಸ. ಹುಡುಗಿಯರ 'ಮೊದಲು, ಆಮೇಲೆ' ಫೋಟೋದಲ್ಲಿ ಇದು ಕಾಣುವುದಿಲ್ಲ.

ಒಂದು ಮಾತು ಅವರ ಪರವಾಗಿ ಹೇಳಲೇಬೇಕು. ಆಗಸ್ಟ್‌ನಲ್ಲಿ ಫೋನ್ ಮಾಡಿ ಇದನ್ನೆಲ್ಲ ಒದರಿದೆ. ಬೇರೆಯವರಾಗಿದ್ದರೆ ನಂಬರ್ ಬ್ಲಾಕ್ ಮಾಡುತ್ತಿದ್ದರು. ಇವರು ಮರುವಾರವೇ ಬಂದರು, ದುಡ್ಡು ಕೇಳಲಿಲ್ಲ. ಮೀಟರ್ ನೋಡಿದರು, ಗೋಡೆ ಮುಟ್ಟಿ ನೋಡಿದರು. ಸೀರೆ ಕವರ್ ವಾಪಸ್ ತಗೊಂಡು ಅದರ ದುಡ್ಡು ಕೊಟ್ಟರು. ಸೀರೆಗಳನ್ನೆಲ್ಲ ಒಳಗೋಡೆಯ ಕಡೆಯ ತುದಿಯ ಖಾನೆಗೆ ಸಾಗಿಸಿ, ಇನ್ನೊಂದು ತುದಿಗೆ ಚೀಲ, ಸೂಟ್‌ಕೇಸ್, ಛತ್ರಿ ಇಟ್ಟರು. ಹಿಂಬದಿಗೆ ಅರಿವೆ ತಾಗದ ಹಾಗೆ ಮುಂದೆ ಸರಿಸಿದರು. ಬಾಗಿಲ ಕೆಳಗೆ, ಮೇಲೆ ಗಾಳಿಗೆ ಜಾಲರಿ ಕೂರಿಸಬೇಕು ಅಂತ ಬಡಗಿಗೆ ಅಳತೆ ಕೊಟ್ಟು ಹೋದರು. ಮೀಟರ್ ಈಗ 75ರ ಆಸುಪಾಸು ಇದೆ. ಇನ್ನೂ ಜಾಸ್ತಿಯೇ, ಆದರೆ 86 ಅಲ್ಲ. ದೊಡ್ಡ ಹುಡುಗಿ ಹೋಗುವಾಗ ಅತ್ತೆಯ ಹತ್ತಿರ ಕೂತು ತಿಜೋರಿ ತೋರಿಸ್ತೀರಾ ಅಂತ ಕೇಳಿದಳು. ಅತ್ತೆ ತೋರಿಸಿದರು. ನನಗೆ ಹತ್ತು ವರ್ಷ ಬೇಕಾಯಿತು ಅದನ್ನು ಒಳಗಿಂದ ನೋಡಲು.

ಕೊಡುವ ಗುಂಪಿನ ಅರಿವೆ ಏನಾಯಿತು ಅಂತ ಕೇಳಬಹುದು. ಹುಡುಗಿಯರೇ ಒಯ್ಯುತ್ತೇವೆ ಅಂದಿದ್ದರು. ಅಂಗಿ, ಪ್ಯಾಂಟು, ಮಕ್ಕಳದ್ದು ಒಯ್ದರು. ಹಳೆಯ ಹತ್ತಿ ಸೀರೆ ಹನ್ನೊಂದನ್ನು ಅತ್ತೆ ಚೀಲದಿಂದ ವಾಪಸ್ ಎಳೆದುಕೊಂಡರು. ಅವುಗಳಿಗೆ ಕೌದಿ ಹೊಲಿಯುವ ಅಜ್ಜಿ ಬಂದರು. ಎಂಟು ದಿನ ನಮ್ಮ ಪಡಸಾಲೆಯಲ್ಲೇ ಕೂತು, ಮೊದಲು ಸೀರೆ ಹರವಿ, ಮೇಲೆ ತುಂಡು ಅರಿವೆ ಜೋಡಿಸಿ, ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿನ ತನಕ ಕೈಹೊಲಿಗೆ ಹಾಕಿದರು. ಮುಗಿಯುವ ಮುಂಚೆ ಕೌದಿಯ ಹೊಟ್ಟೆ ಹಸಿದಿರಬಾರದು ಅಂತ ಒಂದು ಚೂರು ರೊಟ್ಟಿ ಕೇಳಿ ಪಡೆದು ಒಳಗಿಟ್ಟು ಹೊಲಿದರು. ಜೋಡಿ ಇಲ್ಲದ ಆ 14 ಜಂಪರ್ ಕೂಡ ಅದರೊಳಗೇ ಹೋದವು, ಖಣದ ಜಂಪರಿನ ದಡಿ ನಾಲ್ಕೂ ಮೂಲೆಗೆ ಬಂದಿದೆ. ಕೂಲಿ, ಊಟ, ಒಂದು ಸೀರೆ ಸೇರಿ ನನಗೆ ಹುಡುಗಿಯರ ಸರ್ವಿಸ್‌ಗಿಂತ ಕಡಿಮೆ ಆಯಿತು. ಹಾಗಾಗಬಾರದಿತ್ತು ಅಂತಲೂ ಅನ್ನಿಸಿತು, ಎಂಟು ದಿನದ ಕೆಲಸ ಅದು. ಈ ಮಳೆಗಾಲ ಪೂರ್ತಿ ನಾನು ಹೊದ್ದದ್ದು ಅದನ್ನೇ, ರಜಾಯಿ ಇನ್ನೂ ಚೀಲದಲ್ಲೇ ಇದೆ.

ಲೆಕ್ಕ ಹೇಳುವುದಾದರೆ, ಜೋಡಣೆಗೆ ಐದಕ್ಕೆ ನಾಲ್ಕೂವರೆ. ಕಿಟ್‌ಗೆ ಒಂದೂವರೆ, ಅದೂ ಡ್ರಾಯರಿನ ಖಾನೆಗಳಿಗೆ. ತಪ್ಪು ತಿದ್ದಿಕೊಂಡದ್ದಕ್ಕೆ ಐದು. ಕಪಾಟು ತುಂಬಿ ತುಳುಕುತ್ತಿದ್ದರೆ, ಕೆಲಸಕ್ಕೆ ಹೋಗುವ ನಿಮಗೆ ಒಂದು ಇಡೀ ದಿನ ಇದಕ್ಕೆ ಕೊಡಲು ಆಗದಿದ್ದರೆ ಕರೆಯಿರಿ. ಕಿಟ್ ಬೇಡ ಅನ್ನಿ. ಆ 2,200ರಲ್ಲಿ ಹತ್ತು ಮೀಟರ್ ಮಾಂಜರಪಾಟ, ಒಂದು ತೇವದ ಮೀಟರ್ ತಗೊಂಡರೂ ದುಡ್ಡು ಮಿಗುತ್ತದೆ. ಬಂದ ಕೂಡಲೇ ಮಳೆ ಹೊಡೆಯುವ ಗೋಡೆ ಯಾವುದು ಅಂತ ತೋರಿಸಿ. ಸ್ವೆಟರ್ ಕೆಳಗಿನ ಖಾನೆಯಲ್ಲೇ ಇರಲಿ ಅಂತ ಹೇಳಿ. ಹುಬ್ಬಳ್ಳಿಯವರಾದರೆ, ಗದಗ ಕಡೆಯ ಒಣ ಊರಿನವರಾದರೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ನಿಮಗೆ ಧೂಳಿನದ್ದೇ ಬೇರೆ ಪುರಾಣ ಇರುತ್ತದೆ.

'ನೋಡೋಣ' ಡಬ್ಬ ಇನ್ನೂ ಅಟ್ಟದ ಮೇಲಿದೆ, ನವೆಂಬರ್ 30ರ ಚೀಟಿ ಹಚ್ಚಿಕೊಂಡು. ನಿನ್ನೆ ಇಳಿಸಿ ನೋಡಿದೆ. ಐದು ಸೀರೆ ಇರಬೇಕಿತ್ತು, ಮೂರು ಇದ್ದವು. ಅತ್ತೆಯನ್ನು ಕೇಳಿದರೆ ಕೌದಿ ಅಜ್ಜಿ ದೀಪಾವಳಿ ಆದ ಮೇಲೆ ಮತ್ತೆ ಬರುತ್ತಾರೆ ಅಂದರು.